ಪುಟ್ಟಿಯ ಕೆಳಗಿನ ತಗಡು

ಕಾರಿನ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಮೈಲೇಜಿನಿಂದ ಶುರುವಾಗುವುದಿಲ್ಲ. ಮೈಲೇಜು ಕೊಳ್ಳುವವರ ಲೆಕ್ಕ. ಹುಚ್ಚಿನವರು ಮೊದಲು ಹಿಡಿಯುವುದು ರೂಪವನ್ನು. ಅಂಬಾಸಿಡರ್‌ನ ಯಾವ ಮಾರ್ಕಿನ ಗ್ರಿಲ್ ಲಕ್ಷಣವಾಗಿತ್ತು, ಪದ್ಮಿನಿಯ ಹಿಂಬದಿಯ ಸಣ್ಣ ರೆಕ್ಕೆಗಳಿಗೆ ಯಾವ ಬಣ್ಣ ಒಪ್ಪುತ್ತದೆ, ಕಾಂಟೆಸ್ಸಾ ಕಪ್ಪಗಿದ್ದರೆ ಚೆಂದವೋ ಬೆಳ್ಳಗಿದ್ದರೋ ಎಂದು ಹೊರಟ ವಾದ ಅಲಾಯ್ ವೀಲ್, ಸೈಲೆನ್ಸರ್, ಹೆಡ್‌ಲೈಟ್ ಎಲ್ಲವನ್ನೂ ಸುತ್ತಿ, ಕೊನೆಗೆ ಯಾರೋ ಎಲ್ಲೋ ಕೆಡಿಸಿಟ್ಟ ರಿಪೇರಿಯೊಂದಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ದನಿ ಏರಿರುತ್ತದೆ, ಟೀ ಆರಿರುತ್ತದೆ. ಇಂಥ ಮಾತುಗಳನ್ನು ವರ್ಷಗಟ್ಟಲೆ ಕೇಳಿದ ಮೇಲೆ ರೂಪ, ಮಾರ್ಪಾಡು, ರಿಪೇರಿ ಎಂಬ ಈ ಮೂರು ಜಗಳಗಳೂ ಒಂದೇ ಎಂದು ನನಗೆ ಅನ್ನಿಸಿದೆ. ಕಾರನ್ನು ಮೊದಲು ಮಾಡಿದವರಿಗೆ ನಾವು ಎಷ್ಟು ಮರ್ಯಾದೆ ಕೊಡುತ್ತೇವೆ, ಮುಂದೆ ಅದನ್ನು ಬಿಚ್ಚುವವರಿಗೆ ಎಷ್ಟು ಕೊಡುತ್ತೇವೆ ಎನ್ನುವುದೇ ಅಲ್ಲಿ ಇತ್ಯರ್ಥವಾಗಬೇಕಾದ ಸಂಗತಿ.

ಅಂಬಾಸಿಡರ್‌ನ ಮೈಕಟ್ಟು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸೀರೀಸಿನದು. ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಅಷ್ಟು ವರ್ಷಗಳಲ್ಲಿ ಎಂಜಿನ್ ಬದಲಾಯಿತು, ಸ್ಟೇರಿಂಗ್ ಪಕ್ಕದಲ್ಲಿದ್ದ ಗೇರು ನೆಲಕ್ಕೆ ಇಳಿಯಿತು. ಆ ಗುಂಡು ಮಾಡು, ಉಬ್ಬಿದ ಮಡ್‌ಗಾರ್ಡ್‌ಗಳು ಮಾತ್ರ ಹಾಗೇ ಉಳಿದವು. ರೂಪವೆಲ್ಲ ಹೀಗೆ ಹೆಚ್ಚುಕಡಿಮೆ ಹಾಗೇ ಇದ್ದಾಗ ಬದಲಾಗುತ್ತಿದ್ದ ಗ್ರಿಲ್ ಮೇಲೆ ಎಲ್ಲರ ಕಣ್ಣೂ ನೆಟ್ಟಿತು. ಮಾರ್ಕ್ 2ರ ಚೌಕಳಿ ಗ್ರಿಲ್ಲೇ ಅಂದ ಎನ್ನುವವರನ್ನು ಮಾರ್ಕ್ 4ರ ಅಭಿಮಾನಿಗಳು ಒಪ್ಪಿದ್ದನ್ನು ನಾನು ನೋಡಿಲ್ಲ. ಹೊರಗಿನವರಿಗೆ ಇದು ಕೆಲಸವಿಲ್ಲದವರ ಹರಟೆ. ನನಗೆ ಅದು ಕಣ್ಣಿನ ಶಿಕ್ಷಣ. ಒಂದು ಗೆರೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಅಷ್ಟು ಶ್ರದ್ಧೆಯಿಂದ ನೋಡಿದವರೇ ನಾಳೆ ಆ ಗೆರೆ ಕೆಟ್ಟಾಗ ಮೊದಲು ಗುರುತಿಸುತ್ತಾರೆ.

ರೂಪವೆಂದರೆ ಬರೀ ಚೆಂದವೂ ಅಲ್ಲ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಆಕಾರ ಇಟಲಿಯ ಜೊವಾನಿ ಮಿಕೆಲೊಟ್ಟಿ ಎಂಬ ವಿನ್ಯಾಸಕಾರರದು. ಅದರ ಬಾನೆಟ್ ಎತ್ತಿದರೆ ಎರಡೂ ಮಡ್‌ಗಾರ್ಡ್‌ಗಳ ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್, ಸಸ್ಪೆನ್ಷನ್, ಸ್ಟೇರಿಂಗ್ ಎಲ್ಲವೂ ಎದುರಿಗೇ ತೆರೆದುಕೊಳ್ಳುತ್ತವೆ. ಮೆಕ್ಯಾನಿಕ್ ಬೆನ್ನು ಬಗ್ಗಿಸಿ, ಕೈ ತರಚಿಕೊಂಡು ಒಳಗೆ ತೂರಬೇಕಾಗಿಲ್ಲ. ಟೈರಿನ ಮೇಲೆ ಕೂತೇ ಕೆಲಸ ಮಾಡಬಹುದು. ಬಾಡಿಯ ಭಾಗಗಳನ್ನು ಚಾಸಿಸ್‌ಗೆ ಬೋಲ್ಟ್ ಹಾಕಿ ಕೂರಿಸಿದ್ದರಿಂದ ಕೆಟ್ಟ ಭಾಗವನ್ನು ಬಿಚ್ಚಿ ತೆಗೆಯಬಹುದಿತ್ತು. ತನ್ನ ಹೊಟ್ಟೆಯನ್ನು ಹೀಗೆ ತೆರೆದು ತೋರಿಸುವ ಕಾರನ್ನು ಕಂಡಾಗ, ಅದನ್ನು ಬರೆದವರು ಕೊಳ್ಳುವವರ ಜೊತೆಗೆ ರಿಪೇರಿ ಮಾಡುವವರನ್ನೂ ನೆನೆದಿದ್ದರು ಎಂದು ಮನಸ್ಸು ತುಂಬಿ ಬರುತ್ತದೆ.

1991ರ ಟಾಟಾ ಸಿಯೆರಾದ ಹಿಂಬದಿಯ ಪಕ್ಕದ ಗಾಜು ಇದಕ್ಕೆ ವಿರುದ್ಧ. ಮಾಡಿನವರೆಗೂ ಬಾಗಿ ಹೋಗುವ, ತೆರೆಯಲು ಬಾರದ ದೊಡ್ಡ ಗಾಜು. ಒಡೆದರೆ ಇನ್ನೊಂದು ಹುಡುಕುವುದು ಕಷ್ಟ. ಆದರೂ ಸಿಯೆರಾ ಇಟ್ಟುಕೊಂಡವರು ಆ ಗಾಜಿಗಾಗಿಯೇ ಅದನ್ನು ಪ್ರೀತಿಸುತ್ತಾರೆ. ಎಲ್ಲವೂ ಅನುಕೂಲಕ್ಕೇ ಇರಬೇಕೆಂಬ ಹಟ ಅವರಿಗಿಲ್ಲ. ಕಷ್ಟ ಕೊಟ್ಟರೂ ಕೊಡಲಿ, ಅದು ಅದೇ ಆಗಿರಲಿ ಎನ್ನುತ್ತಾರೆ. ಇದೂ ಮಾಡಿದವರಿಗೆ ಕೊಡುವ ಮರ್ಯಾದೆಯೇ.

ಹಾಗಾದರೆ ಕಾರನ್ನು ಮುಟ್ಟಲೇಬಾರದೇ? ಫ್ಯಾಕ್ಟರಿಯಿಂದ ಬಂದ ಸ್ಕ್ರೂ ಕೂಡ ಬದಲಿಸಬಾರದು ಎನ್ನುವ ಒರಿಜಿನಲ್ ಪಂಗಡದವರು ಇದ್ದಾರೆ. ಧರ್ಮಸ್ಥಳದ ಸಂಗ್ರಹದಲ್ಲಿರುವಂಥ ಹಳೆಯ ಕಾರುಗಳ ಮುಂದೆ ನಿಂತಾಗ ಅವರ ಮಾತು ಸರಿ ಎನಿಸುತ್ತದೆ. ಅವು ಕಾಲದ ಸಾಕ್ಷಿಗಳು. ಇದ್ದ ಹಾಗೇ ಇರಬೇಕು. ಆದರೆ ದಿನಾ ಓಡುವ ಗಾಡಿಗೆ ಇದೇ ಅಳತೆ ಹಿಡಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಬದಲಾವಣೆಯಲ್ಲೂ ದೊಡ್ಡ ಪ್ರತಿಭೆ ಇರಬಲ್ಲದು. ಮಾರುತಿ 800 ಬೀದಿಗೆ ಬಂದದ್ದು 1983ರ ಡಿಸೆಂಬರಿನಲ್ಲಿ, 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ ಹೊತ್ತು. ಅದೇ ಎಂಜಿನ್ ಇಟ್ಟುಕೊಂಡು ಕೊಯಮತ್ತೂರಿನ ಎಸ್. ಕರಿವರ್ಧನ್ ಒಬ್ಬರೇ ಕೂರುವ ರೇಸ್ ಕಾರು ಕಟ್ಟಿದರು. ಫಾರ್ಮುಲಾ ಮಾರುತಿ ಎಂದು ಹೆಸರಾದ ಆ ಕಾರುಗಳಿಂದ ಎಷ್ಟೋ ಹುಡುಗರಿಗೆ ರೇಸಿಂಗ್ ಕೈಗೆಟುಕಿತು. ಸಂತೆಗೆ, ಸ್ಕೂಲಿಗೆ, ಆಫೀಸಿಗೆ ಹೋಗಲೆಂದು ಮಾಡಿದ ಎಂಜಿನ್ನಿನೊಳಗೆ ಇನ್ನೇನಿದೆ ಎಂದು ಅವರು ಓದಿ ತಿಳಿದರು, ಆಮೇಲೆ ಕೈ ಹಾಕಿದರು. ಮಾರ್ಪಾಡು ಅಂದರೆ ನನಗೆ ಇದು.

ನಮ್ಮ ಮಲೆನಾಡಿನ ಜೀಪುಗಳಲ್ಲೂ ಇಂಥ ಬುದ್ಧಿ ಕಾಣುತ್ತದೆ. ಹಳೆಯ ಮಹೀಂದ್ರಾ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಗಾಡಿಗಳು ಕಾಫಿ ತೋಟಗಳ ದಾರಿಯಲ್ಲಿ ಬಹಳ ಕಾಲ ದುಡಿದಿವೆ. ಕೆಲಸ ಬಲ್ಲವರು ಬರೀ ಎಂಜಿನ್ ಇಡುವುದಿಲ್ಲ. ಹೆಚ್ಚಾದ ಭಾರಕ್ಕೆ ಮುಂದಿನ ಸ್ಪ್ರಿಂಗ್ ಪಟ್ಟಿ ನೋಡುತ್ತಾರೆ, ರೇಡಿಯೇಟರ್ ಸಾಲುತ್ತದೆಯೇ ಎಂದು ನೋಡುತ್ತಾರೆ, ನಡುಕ ಚಾಸಿಸ್‌ಗೆ ಇಳಿಯದಂತೆ ಮೌಂಟಿಂಗ್ ಕೊಡುತ್ತಾರೆ, ಆರ್‌ಸಿಯಲ್ಲಿ ಇಂಧನವನ್ನೂ ಎಂಜಿನ್ ನಂಬರನ್ನೂ ತಿದ್ದಿಸುತ್ತಾರೆ. ಇದಾವುದೂ ಇಲ್ಲದೆ ಆ್ಯಂಗಲ್ ಕಬ್ಬಿಣ ವೆಲ್ಡ್ ಮಾಡಿ ಎಂಜಿನ್ ಕೂರಿಸಿದ ಜೀಪು ಒಂದೆರಡು ಮಳೆಗಾಲ ಓಡಿ, ಚಾಸಿಸ್ ಬಿರುಕು ಬಿಟ್ಟು ಮೂಲೆ ಸೇರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಜೀಪು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಕಾರಿಗೆ ಏನೆಲ್ಲ ತೊಡಿಸಬಹುದೋ ಎಲ್ಲವೂ ಸಿಗುತ್ತದೆ. ಸೀಟ್ ಕವರ್, ಸ್ಟೀರಿಯೊ, ಸ್ಪಾಯ್ಲರ್ ನನ್ನ ತಕರಾರಿಗೆ ಬರುವಂಥವಲ್ಲ. ತನ್ನ ಗಾಡಿ ತನ್ನ ಹಾಗೆ ಕಾಣಬೇಕೆಂಬ ಆಸೆ ಸಹಜ, ಅದರಲ್ಲಿ ಪ್ರೀತಿಯೂ ಇದೆ. ನನ್ನ ತಕರಾರು ಕಣ್ಣಿಗೆ ಕಾಣದ ಕಡೆ ನಡೆಯುವ ಅನ್ಯಾಯದ್ದು. ಹೆಡ್‌ಲೈಟನ್ನೇ ನೋಡಿ. ಸಾಮಾನ್ಯ ಎಚ್4 ಬಲ್ಬು 60/55 ವ್ಯಾಟಿನದು. ಬೆಳಕು ಸಾಲದೆಂದು 100 ವ್ಯಾಟಿನದನ್ನು ಹಾಕುತ್ತಾರೆ, ವೈರು ಮಾತ್ರ ಹಳೆಯದೇ. 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ 8ಕ್ಕೂ ಹೆಚ್ಚು ಹರಿಯುತ್ತದೆ. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಮೊದಲು ಸ್ವಿಚ್ಚು ಸುಡುತ್ತದೆ, ಆಮೇಲೆ ಹೋಲ್ಡರ್ ಕರಗುತ್ತದೆ. ಅದರ ಮೇಲೆ ಎದುರಿನಿಂದ ಬರುವವರ ಕಣ್ಣು ಕುರುಡಾಗುತ್ತದೆ. ಇರುವ ಬಲ್ಬಿಗೇ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು, ನಡುವೆ ಫ್ಯೂಸು, ರಿಲೇ ಕೂರಿಸಿದರೆ ದಾರಿಯಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ಪೂರ್ತಿ ತಲುಪಿ ಬೆಳಕು ತಾನಾಗಿ ಹೆಚ್ಚುತ್ತದೆ. ಅದನ್ನು ಅಂಗಡಿಯಲ್ಲಿ ಕೇಳಿ ಹಾಕಿಸಿಕೊಳ್ಳುವವರು ಮಾತ್ರ ಕಡಿಮೆ.

ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದೂ ಇಂಥದ್ದೇ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ, ಚಕ್ರ ಏಳಲು ಇಳಿಯಲು ಜಾಗ ಉಳಿಯುವುದಿಲ್ಲ. ನಮ್ಮ ಊರುಗಳ ಹಂಪುಗಳ ಮೇಲೆ ಪ್ರತಿ ಏಟೂ ನೇರ ಕಾರಿನ ಮೈಗೆ ಬೀಳುತ್ತದೆ. ಮುಂದೆ ಕೂರಿಸುವ ಕಬ್ಬಿಣದ ಗಾರ್ಡ್ ಇನ್ನೂ ಕೆಟ್ಟದ್ದು. ಅಪಘಾತದಲ್ಲಿ ನಜ್ಜುಗುಜ್ಜಾಗಿ ಏಟು ನುಂಗಲೆಂದೇ ಮಾಡಿದ ಮುಂಭಾಗದ ಕೆಲಸವನ್ನು ಅದು ತಪ್ಪಿಸುತ್ತದೆ, ಏರ್‌ಬ್ಯಾಗ್ ತೆರೆಯುವ ಹೊತ್ತನ್ನು ಏರುಪೇರು ಮಾಡಬಹುದು, ಅಡ್ಡ ಬಂದ ಪಾದಚಾರಿಯನ್ನು ಕೊಲ್ಲಬಹುದು. ಅದನ್ನು ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದು ಸರಿಯಾಗಿಯೇ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅನೇಕ ಉತ್ಸಾಹಿಗಳಿಗೆ ಈ ಕಟ್ಟುಪಾಡು ಬೇಸರ ತಂದಿದೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಕಾನೂನಿಗೆ ಬದಲಾವಣೆ ಕಾಣುತ್ತದೆ, ಕೈಯ ಗುಣ ಕಾಣುವುದಿಲ್ಲ. ಆದರೆ ಕೈಯ ಗುಣವನ್ನು ನಾವೇ ಬೇಡದಿದ್ದರೆ ಕಾನೂನು ಬಿಗಿಯಾಗುವುದನ್ನು ತಡೆಯುವವರು ಯಾರು?

ಈಗ ರಿಪೇರಿಗೆ ಬರುತ್ತೇನೆ. ನನಗೆ ಅತ್ಯಂತ ನೋವು ಕೊಡುವ ಜಾಗ ಇದು.

ಒಳ್ಳೆಯ ಟಿಂಕರ್ ಒಬ್ಬರು ಕೆಲಸ ಮಾಡುವುದನ್ನು ನಿಂತು ನೋಡಬೇಕು. ತಗ್ಗಿನ ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ಹಗುರಾಗಿ ಬಡಿಯುತ್ತಾರೆ. ಒಂದೇ ಕಡೆ ಬಡಿದರೆ ತಗಡು ಹಿಗ್ಗುತ್ತದೆ. ಹಿಗ್ಗಿದ್ದನ್ನು ಬಿಸಿ ಮಾಡಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸಬೇಕು. ನಡುನಡುವೆ ತೆಳ್ಳನೆ ಬಟ್ಟೆ ಹಾಸಿ ಅದರ ಮೇಲೆ ಅಂಗೈ ಆಡಿಸುತ್ತಾರೆ. ಕಣ್ಣಿಗೆ ಸಿಗದ ಏರುತಗ್ಗು ಅಂಗೈಗೆ ಸಿಗುತ್ತದೆ. ಇಷ್ಟಾದ ಮೇಲೆ ಉಳಿಯುವ ಕೂದಲೆಳೆಯಷ್ಟು ಅಂತರಕ್ಕೆ ಮಾತ್ರ ಪುಟ್ಟಿ. ಒಂದೆರಡು ಮಿಲಿಮೀಟರ್ ಮೀರಬಾರದು.

ಬಹಳ ಕಡೆ ನಡೆಯುವುದು ಬೇರೆ. ತಗಡನ್ನು ಬಡಿಯುವುದೇ ಇಲ್ಲ. ಗುಂಡಿಯನ್ನು ಪುಟ್ಟಿಯಿಂದ ತುಂಬಿ, ಉಜ್ಜಿ, ಬಣ್ಣ ಹೊಡೆಯುತ್ತಾರೆ. ಕೆಳಗೆ ತುಕ್ಕು ಇದ್ದರೂ ಅದರ ಮೇಲೆಯೇ. ಸೋರುವ ಗೋಡೆಗೆ ಸುಣ್ಣ ಬಳಿದಂತೆ. ಪುಟ್ಟಿ ತೇವ ಹೀರುತ್ತದೆ, ತುಕ್ಕು ಒಳಗೇ ಹರಡುತ್ತದೆ, ಒಂದು ದಿನ ಬಣ್ಣದ ಮೇಲೆ ಗುಳ್ಳೆ ಏಳುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಆ ದಿನ ಬೇಗ ಬರುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿಯಲೆಂದು ಫ್ಯಾಕ್ಟರಿಯವರು ಬಿಟ್ಟ ಸಣ್ಣ ತೂತುಗಳನ್ನೂ ಬೇಡದ ತೂತೆಂದು ಮುಚ್ಚಿಬಿಡುತ್ತಾರೆ. ಆಮೇಲೆ ಮಳೆಗಾಲದ ನೀರು ಬಾಗಿಲೊಳಗೇ ನಿಲ್ಲುತ್ತದೆ. ಹಳೆ ಕಾರು ಕೊಳ್ಳುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುವುದು ಇದಕ್ಕೇ. ಪುಟ್ಟಿ ದಪ್ಪವಿದ್ದ ಕಡೆ ಅದು ಕಚ್ಚುವುದಿಲ್ಲ.

ಹೊಸ ಕಾರುಗಳಲ್ಲಿ ಅಪಾಯ ಇನ್ನೂ ಆಳದಲ್ಲಿದೆ. ಬಾಗಿಲುಗಳ ನಡುವಿನ ಕಂಬದಂಥ ಕಡೆ ಬಹಳ ಗಟ್ಟಿಯಾದ ವಿಶೇಷ ಉಕ್ಕು ಬಳಸಿರುತ್ತಾರೆ. ಅದನ್ನು ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡಿದರೆ ನೋಡಲು ನೇರವಾಗುತ್ತದೆ, ಬಲ ಮಾತ್ರ ಹೋಗಿರುತ್ತದೆ. ಇನ್ನೊಮ್ಮೆ ಪಕ್ಕದಿಂದ ಏಟು ಬಿದ್ದಾಗಲೇ ಅದು ಗೊತ್ತಾಗುವುದು. ಅಂಬಾಸಿಡರ್‌ನ ದಪ್ಪ ತಗಡಿನ ಮೇಲೆ ಪಳಗಿದ ಕೈ ಇಲ್ಲಿ ಹೊಸದಾಗಿ ಕಲಿಯಬೇಕು; ಕೆಲವನ್ನು ಬಡಿಯಬಾರದು, ಬದಲಿಸಲೇಬೇಕು.

ಇದಕ್ಕೆಲ್ಲ ಗ್ಯಾರೇಜಿನವರನ್ನೇ ಬೈಯುವುದು ಸುಲಭ. ಆದರೆ ಟಿಂಕರ್ ಒಬ್ಬರು ಗಿರಾಕಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿದಿದೆ: "ಬಡಿದು ಎತ್ತೋಕೆ ಎರಡು ದಿನ ಬೇಕು ಸಾರ್. ಪುಟ್ಟಿ ಹಾಕಿದ್ರೆ ಸಂಜೆಗೇ ಕೊಡ್ತೀನಿ, ದುಡ್ಡೂ ಕಮ್ಮಿ. ಯಾವ್ದು ಮಾಡ್ಲಿ, ನೀವೇ ಹೇಳಿ." ಗಿರಾಕಿ ಸಂಜೆಯನ್ನೇ ಆರಿಸಿಕೊಂಡರು. ಆ ಕೈಗೆ ಕೆಲಸ ಬರುತ್ತಿತ್ತು, ಮಾಡಲು ಸಿದ್ಧವೂ ಇತ್ತು. ಬೇಡವೆಂದದ್ದು ದುಡ್ಡು ಕೊಡುವವರು. ಹೀಗೆ ಬೇಡ ಬೇಡವೆಂದೇ ಒಂದು ವಿದ್ಯೆ ಸೊರಗುತ್ತದೆ. ಬಡಿಯುವುದನ್ನು ಕಲಿಯಲು ಬಂದ ಹುಡುಗ ಉಜ್ಜುವುದನ್ನಷ್ಟೇ ಕಲಿತು ದೊಡ್ಡವನಾಗುತ್ತಾನೆ.

ಆದ್ದರಿಂದ ಕಾರನ್ನು ಪ್ರೀತಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಗ್ರಿಲ್ ಬಗ್ಗೆ ಜಗಳವಾಡಿ, ಬಣ್ಣದ ಬಗ್ಗೆ ಜಗಳವಾಡಿ. ಆ ಜಗಳ ನಿಲ್ಲಬಾರದು. ಅದೇ ಕಣ್ಣನ್ನು ಗ್ಯಾರೇಜಿಗೂ ಒಯ್ಯಿರಿ. ಹೊಸದೇನಾದರೂ ಹಾಕಿಸಿದರೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬರೆಸಿ ಡ್ಯಾಶ್‌ಬೋರ್ಡಿನಲ್ಲಿ ಇಡಿ, ತೆಗೆದ ಮೂಲ ಬಿಡಿಭಾಗವನ್ನು ಗುಜರಿಗೆ ಕೊಡಬೇಡಿ. ಪುಟ್ಟಿ ಮುಟ್ಟುವ ಮೊದಲು ಒಮ್ಮೆ ಬಂದು ತಗಡು ನೋಡುತ್ತೇನೆ ಎಂದು ಹೇಳಿ, ಹೇಳಿದ ಹಾಗೆ ಹೋಗಿ ನೋಡಿ. ಎರಡು ದಿನದ ಕೆಲಸಕ್ಕೆ ಎರಡು ದಿನದ ಕೂಲಿ ಕೊಡಿ. ಗಿರಾಕಿ ತಗಡು ನೋಡಲು ಬರುತ್ತಾರೆ ಎಂದು ಗೊತ್ತಾದರೆ, ಆ ಹುಡುಗನ ಕೈಗೆ ಉಸ್ತಾದ್ ಮತ್ತೆ ಸುತ್ತಿಗೆ ಕೊಡುತ್ತಾರೆ.