ಟಿಕೆಟ್ ಕೌಂಟರ್ ಉಳಿಸಿದ ತಕರಾರುಗಳು

2023ರ ಜುಲೈ 5ರಂದು ಇಂಗ್ಲೆಂಡಿನ ರೈಲು ಕಂಪನಿಗಳು ಒಂದು ಪ್ರಸ್ತಾವ ಹೊರಡಿಸಿದವು. ನಿಲ್ದಾಣಗಳಲ್ಲಿರುವ ಟಿಕೆಟ್ ಕೌಂಟರ್‌ಗಳಲ್ಲಿ ಬಹುಪಾಲನ್ನು ಮುಚ್ಚುವುದು. ಒಂದೆರಡಲ್ಲ, ಸಾವಿರದ ಹತ್ತಿರ. ಒಳಗೆ ಕೂತು ಟಿಕೆಟ್ ಕೊಡುವವರು ಇನ್ನು ಮುಂದೆ ಹೊರಗೆ ಓಡಾಡಿಕೊಂಡು ಪ್ರಯಾಣಿಕರಿಗೆ ನೆರವಾಗುತ್ತಾರೆ ಎಂದರು. ಅವರು ಕೊಟ್ಟ ಲೆಕ್ಕ ಇದು: ಈಗ ನೂರರಲ್ಲಿ ಹನ್ನೆರಡು ಟಿಕೆಟ್ ಮಾತ್ರ ಕೌಂಟರಿನಲ್ಲಿ ಹೋಗುತ್ತದೆ. ಮಿಕ್ಕಿದ್ದೆಲ್ಲ ಮೊಬೈಲು, ಯಂತ್ರ.

ಈ ಸುದ್ದಿ ಓದಿದಾಗ ನಮ್ಮ ಕಣ್ಣು ನಿಂತಿದ್ದು ಆ ಹನ್ನೆರಡರ ಮೇಲೆ. ಅವರು ಯಾರು? ಟಚ್ ಸ್ಕ್ರೀನ್ ಕಾಣದ ಅಂಧರು, ನಗದು ಬಿಟ್ಟು ಬೇರೆ ಗೊತ್ತಿಲ್ಲದ ಅಜ್ಜ ಅಜ್ಜಿಯರು, ಗಾಲಿಕುರ್ಚಿಯವರು, ಅಲ್ಲಿನ ಗೋಜಲು ದರಪಟ್ಟಿಯಲ್ಲಿ ಯಾವ ಟಿಕೆಟ್ ಅಗ್ಗ ಅಂತ ಕೇಳಿ ತಿಳಿಯಬೇಕಾದವರು.

ಅಲ್ಲಿನ ವ್ಯವಸ್ಥೆ ನಮ್ಮ ರೈಲ್ವೆಯಂತಲ್ಲ. 1993ರ ಕಾಯ್ದೆಯ ನಂತರ ಅದನ್ನು ಹೋಳು ಮಾಡಿದರು. ಹಳಿ ಒಬ್ಬರದು, ರೈಲು ಓಡಿಸುವವರು ಇನ್ನೊಬ್ಬರು, ಬೋಗಿ ಬಾಡಿಗೆಗೆ ಕೊಡುವವರು ಮತ್ತೊಬ್ಬರು. ಕೋವಿಡ್ ಬಂದ ಮೇಲೆ ಪ್ರಯಾಣಿಕರು ಕಡಿಮೆಯಾಗಿ, ನಷ್ಟವೆಲ್ಲ ಸರ್ಕಾರದ ತಲೆಗೆ ಬಂತು. ಖರ್ಚು ಇಳಿಸಿ ಎಂಬ ಒತ್ತಡ ಬಂದಾಗ ಕಣ್ಣಿಗೆ ಬಿದ್ದಿದ್ದು ಕೌಂಟರಿನವರ ಕೆಲಸ. ಸುದ್ದಿಗೆ ಇಷ್ಟು ಅಂತ ಕಾಸು ಎಣಿಸಿಕೊಳ್ಳುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅಲ್ಲೊಂದು ನಿಯಮವಿತ್ತು. ಕೌಂಟರ್ ಮುಚ್ಚುವ ಮೊದಲು ನಿಲ್ದಾಣದಲ್ಲಿ ನೋಟಿಸ್ ಅಂಟಿಸಿ ಜನರ ಅಭಿಪ್ರಾಯ ಕೇಳಬೇಕು. ಕೊಟ್ಟ ಗಡುವು 21 ದಿನ. ಗಲಾಟೆ ಎದ್ದ ಮೇಲೆ ಸೆಪ್ಟೆಂಬರ್ 1ರವರೆಗೆ ಮುಂದೂಡಿದರು.

"ಆಕ್ಷೇಪಣೆ ಇದ್ದವರು ಇಂತಿಷ್ಟು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು" ಎಂಬ ಸಾಲನ್ನು ನಾವು ಎಷ್ಟು ಸಲ ಟೈಪ್ ಮಾಡಿ ಪತ್ರಿಕೆಗೆ ಕಳಿಸಿದ್ದೇವೋ! "ಬರೆದುಕೊಟ್ಟರೆ ಏನಾಗುತ್ತೆ ಬಿಡಿ ಸಾರ್" ಅನ್ನುವುದನ್ನೂ ಅಷ್ಟೇ ಸಲ ಕೇಳಿದ್ದೇವೆ.

ಅಲ್ಲಿ ಬಂದ ಉತ್ತರಗಳು ಏಳೂವರೆ ಲಕ್ಷಕ್ಕೂ ಹೆಚ್ಚು. ನಮಗೆ ಅಚ್ಚರಿಯಾಗಿದ್ದು ಇದು: ಅದಕ್ಕೂ ಹಿಂದಿನ ವರ್ಷದಿಂದ ನೌಕರರ ಸಂಘ ಆರ್‌ಎಂಟಿ ಸಂಬಳ, ಕೆಲಸದ ಭದ್ರತೆ ಕೇಳಿ ಮೇಲಿಂದ ಮೇಲೆ ಮುಷ್ಕರ ಹೂಡಿತ್ತು. ರೈಲು ಸಿಗದೆ ಒದ್ದಾಡಿದ್ದು ಇದೇ ಪ್ರಯಾಣಿಕರು. ಆದರೂ ಕೌಂಟರಿನ ಪ್ರಶ್ನೆ ಬಂದಾಗ ನೌಕರರೂ ಪ್ರಯಾಣಿಕರೂ ಒಂದೇ ಕಡೆ ನಿಂತರು. ಅಂಗವಿಕಲರ ಪರ ಹೋರಾಟಗಾರರು ಕೋರ್ಟಿಗೆ ಹೋಗಲೂ ಸಿದ್ಧರಾದರು.

ಆ ಉತ್ತರಗಳು ಹೋಗಿದ್ದು ಟ್ರಾನ್ಸ್‌ಪೋರ್ಟ್ ಫೋಕಸ್, ಲಂಡನ್ ಟ್ರಾವೆಲ್‌ವಾಚ್ ಎಂಬ ಎರಡು ಪ್ರಯಾಣಿಕರ ಕಾವಲು ಸಂಸ್ಥೆಗಳಿಗೆ. ಎರಡೂ ಪ್ರಸ್ತಾವವನ್ನು ಒಪ್ಪಲಿಲ್ಲ. ಅಕ್ಟೋಬರ್ 31ರಂದು ಸಾರಿಗೆ ಮಂತ್ರಿಯೇ ಕಂಪನಿಗಳಿಗೆ ಪ್ರಸ್ತಾವ ವಾಪಸ್ ತೆಗೆದುಕೊಳ್ಳಿ ಅಂದರು.

ಇದರಿಂದ ಎಲ್ಲ ಸರಿಹೋಯಿತು ಅಂತಲ್ಲ. ಸಿಬ್ಬಂದಿಯೇ ಇಲ್ಲದ ಸಣ್ಣ ನಿಲ್ದಾಣಗಳು ಅಲ್ಲಿ ಮೊದಲಿನಿಂದಲೇ ಬೇಕಾದಷ್ಟಿವೆ. 2024ರ ಹೊಸ ಕಾಯ್ದೆಯಂತೆ ಸರ್ಕಾರ ಪ್ರಯಾಣಿಕರ ರೈಲುಗಳನ್ನು ಒಂದೊಂದಾಗಿ ತನ್ನ ಕೈಗೆ ತೆಗೆದುಕೊಳ್ಳುತ್ತಿದೆ; 2025ರ ಮೇನಲ್ಲಿ ಮೊದಲು ಬಂದಿದ್ದು ಸೌತ್ ವೆಸ್ಟರ್ನ್ ರೈಲ್ವೆ. ಯಜಮಾನ ಬದಲಾದ ಮಾತ್ರಕ್ಕೆ ಖರ್ಚು ಇಳಿಸುವ ಮಾತು ನಿಲ್ಲುವುದಿಲ್ಲ. ಮುಂದೊಂದು ದಿನ ಇನ್ನೊಂದು ನೋಟಿಸ್ ಬರಬಹುದು.

ಬಂದರೂ ಅಲ್ಲಿಯವರಿಗೆ ಒಂದು ಸಂಗತಿ ಗೊತ್ತಾಗಿದೆ: ಒಬ್ಬರು ಬರೆದದ್ದು ಒಂದು ಕಾಗದ, ಊರೆಲ್ಲ ಬರೆದದ್ದು ಕಡತ. ಕಾಗದವನ್ನು ಮಡಚಿ ಇಡಬಹುದು, ಕಡತಕ್ಕೆ ಉತ್ತರ ಕೊಡಲೇಬೇಕು.