ಅಪ್ಪ ವಾಪಸ್ ಕೊಟ್ಟ ಜ್ವಾಳ

ನಮ್ಮಪ್ಪ ಹಳ್ಳಿ ಸಭೆಗಳ ಪಾಸ್ಟರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಸಾಮಾನು ಕಟ್ಟೋದು, ಬಿಚ್ಚೋದೇ ಅವ್ವಂಗೆ ಕೆಲ್ಸ. ಚನ್ನಗಿರ್ಯಾಗೆ ಅಡಿಕೆ ತೋಟದ ನೆರಳು, ಹೊನ್ನಾಳ್ಯಾಗೆ ತುಂಗಭದ್ರೆ ಹೊಳೆ. ಜಗಳೂರಾಗೆ ಕೊಡ ನೀರಿಗೂ ಪಾಳಿ. 1997ರಾಗೆ ದಾವಣಗೆರೆ ಜಿಲ್ಲೆ ಆಗೋಕೂ ಮುಂಚೆ, ಜಗಳೂರು ಇನ್ನೂ ಚಿತ್ರದುರ್ಗಕ್ಕೇ ಸೇರಿದ್ದಾಗಿನ ಮಾತಿದು. ಮಳೆ ಕೈಕೊಟ್ಟ ವರ್ಷ ಒಬ್ಬ ಅಜ್ಜಿ ಕಾಣಿಕೆ ಅಂತ ಸೇರು ಜ್ವಾಳ ತಂದಿಟ್ಲು. ಅಪ್ಪ ಸಂಜಿಗೆ ಅದ್ರ ಜೊತಿಗೆ ನಮ್ಮನೆ ಬ್ಯಾಳೆನೂ ಸೈಕಲ್ಲಿಗೆ ಕಟ್ಕಂಡು ಆಕೆ ಮನೆಗೇ ಮುಟ್ಟಿಸಿ ಬಂದ್ರು. ರಾತ್ರಿ ನಮಗೆ ಬರೀ ಗಂಜಿ. ಸಿಟ್ಟಿಗೆ ನಾನು ಎರಡು ದಿನ ಅಪ್ಪನ್ಕೂಡ ಮಾತಾಡ್ಲಿಲ್ಲ.

ಅಪ್ಪನ ಮಣ್ಣಿಗೆ ಆ ಅಜ್ಜಿ ಮಗಳು ಬಂದಿದ್ಲು. ಪ್ರಸಂಗ ಒಂದೂ ನೆನಪಿಲ್ವಂತೆ. "ಅಯ್ನೋರು ಬ್ಯಾಳೆ ತಂದಿದ್ರು ಕಣವ್ವ" ಅಂತ ಅತ್ಲು. ಆ ಎರಡು ದಿನದ ಮಾತು ನನ್ನ ಗಂಟಲಾಗೇ ಉಳಿದೈತಿ.