ನಿಮ್ಮ ಹುಡುಗ ಬಿಡ್ತಾನೇನ್ರಿ?

ನೌಕರಿಗೆ ಸೇರೋ ದಿನ ಎಚ್‌ಆರ್ ಕೊಡೋ ಕಾಗದಗಳ ನಡುವೆ ‘ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ’ ಅಂತ ಒಂದು ಮುಚ್ಚಳಿಕೆ ಇದ್ದರೆ ಸಹಿ ಮಾಡ್ತೀರಾ?

ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಮಾಡಬೇಕಾಯಿತು. 1948ರಲ್ಲಿ ಯುಪಿಎಸ್‌ಸಿ ಪಾಸಾದ ಮೊದಲ ಹೆಣ್ಣುಮಗಳು ಅವರು. ಮರುವರ್ಷ ವಿದೇಶಾಂಗ ಸೇವೆ ಸೇರಿದರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದರು. ಆ ಸೇವೆಯಿಂದ ರಾಯಭಾರಿಯಾದ ಮೊದಲ ಮಹಿಳೆ. ಆಮೇಲೆ ಘಾನಾ.

ಇಷ್ಟಾದರೂ ಮೇಲಿನ ದರ್ಜೆಯ ಪ್ರಮೋಷನ್ ಬಂದಾಗ ಅವರನ್ನು ಬಿಟ್ಟು ಕಿರಿಯರಿಗೆ ಕೊಟ್ಟರು. ಮುತ್ತಮ್ಮ ಸುಮ್ಮನಿರಲಿಲ್ಲ, ನೇರ ಸುಪ್ರೀಂ ಕೋರ್ಟಿಗೆ ಹೋದರು. ಸೇವಾ ನಿಯಮಗಳನ್ನೂ ಕೋರ್ಟಿನ ಮುಂದಿಟ್ಟರು: ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೀಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಅಂತ ಅನ್ನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದು.

ಕೇಸು ವಿಚಾರಣೆಗೆ ಬರೋ ಹೊತ್ತಿಗೆ ಸರ್ಕಾರ ಪ್ರಮೋಷನ್ ಕೊಟ್ಟು, ನೆದರ್ಲೆಂಡ್ಸ್‌ಗೆ ರಾಯಭಾರಿ ಮಾಡಿತು. ಒಂದು ನಿಯಮ ಆಗಲೇ ತೆಗೆದಿದ್ದೇವೆ, ಇನ್ನೊಂದನ್ನೂ ತೆಗೆಯುತ್ತೇವೆ ಎಂದಿತು. ಹಾಗಾಗಿ 1979ರ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಷ್ಟಕ್ಕೇ ಬಿಡಲಿಲ್ಲ. ಸಂಸಾರ ಹೆಂಗಸಿನ ಕೆಲಸಕ್ಕೆ ಅಡ್ಡಿಯಾದರೆ ಗಂಡಸಿಗೂ ಆಗಬಹುದಲ್ಲ ಎಂದರು. ಅವರ ಸೀನಿಯಾರಿಟಿಯನ್ನು ಮತ್ತೆ ಪರಿಶೀಲಿಸಿ ಅಂತಲೂ ಹೇಳಿದರು. ಪ್ರಮೋಷನ್ ತಡವಾದವರಿಗೆ ಆ ಮಾತಿನ ಬೆಲೆ ಗೊತ್ತು.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಫಿಲಿಸ್ ಓಕ್ಲಿ 1958ರಲ್ಲಿ ಮದುವೆಯಾಗಿ ರಾಯಭಾರ ಸೇವೆ ಬಿಡಬೇಕಾಯಿತು. ಮತ್ತೆ ಒಳಗೆ ಬಂದದ್ದು 1974ರಲ್ಲಿ. ಮುಂದೆ ಅಲ್ಲಿನ ವಿದೇಶಾಂಗ ಇಲಾಖೆಯ ಉನ್ನತ ಹುದ್ದೆಗೇರಿದರು. ಆದರೆ ನಡುವಿನ ಹದಿನಾರು ವರ್ಷ ಯಾರು ಕೊಡ್ತಾರೆ?

ಈಗ ಆ ಮುಚ್ಚಳಿಕೆ ಇಲ್ಲ, ಪ್ರಶ್ನೆ ಇದೆ. ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಅದು ‘ಮುಂದಿನ ಪ್ಲ್ಯಾನ್ ಏನು?’ ಅಂತ ನಯವಾಗಿ ಬರುತ್ತೆ. ನಮ್ಮ ಕುಡಚಿಯಲ್ಲಿ ನಯ ಗಿಯ ಏನಿಲ್ಲ. ಹೋದ ವರ್ಷ ತಂಗಿಯನ್ನು ನೋಡಲು ಬಂದವರು ಅವಲಕ್ಕಿ ತಿನ್ನುತ್ತಲೇ ಕೇಳಿದರು, “ಮದಿವಿ ಆದಮ್ಯಾಲ ಹುಡುಗಿ ನೌಕರಿ ಬಿಡ್ತಾಳಲ್ರಿ?” ನನ್ನ ಮದುವೆ ಮಾತುಕತೆಯಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಅವ್ವ ಸುಪ್ರೀಂ ಕೋರ್ಟಿನ ತೀರ್ಪು ಓದಿದವಳಲ್ಲ. ಚಹಾದ ಕಪ್ಪು ಮುಂದಿಡುತ್ತಾ ಕೇಳಿದಳು, “ಯಾಕ್ರಿ, ನಿಮ್ಮ ಹುಡುಗ ಬಿಡ್ತಾನೇನ್ರಿ?”

ಆ ಸಂಬಂಧ ಕೂಡಿಬರಲಿಲ್ಲ. ತಂಗಿ ಭಾನುವಾರ ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ, ಕೆಲಸಕ್ಕೆ ಹೋದಳು.